ಟ್ಯಾಂಕಿನೊಳಗೆ ಭಾವ

ನೀರಿನ ದೊಡ್ಡ ಟ್ಯಾಂಕಿನ ತಳ ಉಜ್ಜಲು ಭಾವ ಇಬ್ಬರು ಆಳುಗಳನ್ನು ಕಟ್ಟಿಕೊಂಡು ಒಳಗಿಳಿದಿದ್ದ. ಇಳಿಯುವ ಮುಂಚೆ ಕಂಟ್ರೋಲ್ ರೂಮಿನ ಬಾಗಿಲಲ್ಲಿ ನಿಂತು, “ನೋಡಮ್ಮ ನಾದಿನಿ, ಮನೇಲಿ ನಿಮ್ಮಕ್ಕ ದಿನಾ ನನ್ನ ನೀರಿಳಿಸ್ತಾಳೆ. ಇಲ್ಲಿ ನೀನು ನೀರು ಬಿಟ್ಟೀಯ, ಜೋಕೆ,” ಎಂದಿದ್ದ. ನೀವು ಮೇಲೆ ಬರುವ ತನಕ ಹನಿಯೂ ಬೀಳುವುದಿಲ್ಲವೆಂದು ಅವಳು ನಕ್ಕು ಮಾತು ಕೊಟ್ಟಿದ್ದಳು.

ಟ್ಯಾಂಕಿಗೆ ನೀರು ಬಿಡುವ ವಾಲ್ವನ್ನು ತಿರುಗಿಸುವುದು ಮೋಟಾರು. ಮೋಟಾರಿಗೆ ಅಪ್ಪಣೆ ಕೊಡುವುದು ಕಂಪ್ಯೂಟರಿನಲ್ಲಿ ಅವಳೇ ಬರೆದ ಶೆಲ್ ಸ್ಕ್ರಿಪ್ಟು ಎಂಬ ಆದೇಶಗಳ ಸಾಲು. ಹಳೆಯ ಸ್ಕ್ರಿಪ್ಟು ಪ್ರತಿ ಸಲವೂ ಅತ್ತೆಯ ಹಾಗೆ ಹತ್ತು ಪ್ರಶ್ನೆ ಕೇಳುತ್ತಿತ್ತು. ಬೇಸತ್ತು, ಅಂದು ಬೆಳಗ್ಗೆ ಅದನ್ನು ತಿದ್ದಿದ್ದಳು. ವಾಲ್ವಿನ ಹೆಸರಷ್ಟೇ ಕೊಟ್ಟರೆ ತೆರೆಯಬೇಕು. -s ಎಂಬ ಆಯ್ಕೆ ಕೊಟ್ಟರೆ ನಿಲ್ಲಿಸಬೇಕು. -c ಕೊಟ್ಟರೆ ಮುಚ್ಚಬೇಕು. -n ಎಂದರೆ ಬರೀ ತಾಲೀಮು, ಏನು ಮಾಡುವೆನೆಂದು ಬಾಯಲ್ಲಿ ಹೇಳಬೇಕೇ ಹೊರತು ಕೈ ಹಾಕಕೂಡದು.

ತಾಲೀಮು ತಾನೆ, ಈಗಲೇ ನೋಡಿಬಿಡೋಣವೆನಿಸಿತು. ವಾಲ್ವಿನ ಹೆಸರು ಬರೆದು, ಅದಾದ ಮೇಲೆ -n ಇಟ್ಟು, ಎಂಟರ್ ಒತ್ತಿದಳು.

‘ತೆರೆಯುತ್ತಿದೆ’ ಎಂದಿತು ಪರದೆ. ಅಂಗಳದಾಚೆ ಮೋಟಾರು ಗುರ್ರೆಂದಿತು.

ಕಂಟ್ರೋಲ್ ಸಿ ಒತ್ತಿದಳು. ಸ್ಕ್ರಿಪ್ಟು ಸತ್ತಿತು, ಮೋಟಾರು ಸಾಯಲಿಲ್ಲ. ಅಪ್ಪಣೆ ಆಗಲೇ ಹೊರಟುಹೋಗಿತ್ತು. ವಾಕಿಟಾಕಿ ಹಿಡಿದು, “ಭಾವ, ನೀರು ಬರ್ತಿದೆ, ಎಲ್ಲರೂ ಏಣಿ ಹತ್ತಿ,” ಎಂದಳು. ಇನ್ನೊಂದು ಕೈಯಲ್ಲಿ ವಾಲ್ವಿನ ಹೆಸರು ಬರೆದಳು, ಅದಾದ ಮೇಲೆ -s.

‘ತೆರೆಯುತ್ತಿದೆ.’

ಒಬ್ಬ ಜಾರಿಬಿದ್ದಿದ್ದಾನೆ, ನೀರು ಮೊಣಕಾಲು ದಾಟಿತು ಎಂದು ಭಾವನ ದನಿ ಕೊರಕೊರ ಬಂತು. ಓಡಿಹೋಗಿ ಮೋಟಾರು ಆರಿಸೋಣವೆಂದರೆ ಅದರ ಕೋಣೆ ಅಂಗಳದಾಚೆಯ ತುದಿಯಲ್ಲಿತ್ತು. ಹೆತ್ತವಳು ಮಗುವಿನ ಮುಖ ನೋಡುವ ಹಾಗೆ ಅವಳು ತಾನು ಬರೆದ ಸಾಲನ್ನೇ ನೋಡಿದಳು. ಶಿವನೇ, ಕಣ್ಣು ಕೊಡು.

ಆಗ ಕಂಡಿತು. ಆಯ್ಕೆಗಳನ್ನು ಹೆಕ್ಕಲು ಅವಳು ಕೂರಿಸಿದ್ದ getopts ಎಡದಿಂದ ಓದುತ್ತಾ ಬರುತ್ತದೆ. ಡ್ಯಾಶ್ ಇಲ್ಲದ ಮೊದಲ ಮಾತು ಸಿಕ್ಕೊಡನೆ ಆಯ್ಕೆಗಳು ಮುಗಿದವೆಂದು ನಿಂತುಬಿಡುತ್ತದೆ. ಹೆಸರಾದ ಮೇಲೆ ಬಂದ -n, -s ಅದಕ್ಕೆ ಕಾಣಲೇ ಇಲ್ಲ, ಬರೀ ಹೆಸರು ಕಂಡು ತೆರೆದಿತ್ತು. ದಿನವೂ ಬಳಸುವ ಎಷ್ಟೋ ಕಮಾಂಡುಗಳಿಗೆ ಆಯ್ಕೆಯನ್ನು ಕೊನೆಗಿಟ್ಟರೂ ನಡೆಯುತ್ತಿತ್ತು. ಆ ರೂಢಿಯೇ ಬೆರಳಲ್ಲಿ ಕೂತಿತ್ತು. -s ಮೊದಲು ಬರೆದಳು, ಹೆಸರು ಆಮೇಲೆ.

ಮೋಟಾರು ನಿಂತಿತು. ಒಡನೆಯೇ -c ಕೊಟ್ಟಳು, ವಾಲ್ವು ಮುಚ್ಚತೊಡಗಿತು. ವಾಕಿಟಾಕಿಯಲ್ಲಿ ಬಹಳ ಹೊತ್ತು ಬರೀ ಏದುಸಿರು. ಕೊನೆಗೆ, “ಮೂರೂ ಜನ ಮೇಲಿದೀವಿ,” ಎಂದಿತು ದನಿ. ಅವಳು ಮೇಜಿಗೆ ಹಣೆಯಿಟ್ಟಳು.

ಭಾವ ಸೊಂಟದವರೆಗೆ ತೊಯ್ದು ಒಳಬಂದ. ಅವಳು ಏನನ್ನೂ ಮುಚ್ಚಿಡಲಿಲ್ಲ. ಅವನ ಎದುರಿಗೇ ಸ್ಕ್ರಿಪ್ಟು ತಿದ್ದಿದಳು: -o ಎಂದು ಬಾಯಿಬಿಟ್ಟು ಹೇಳದೆ ತೆರೆಯಕೂಡದು, ಹೆಸರಾದ ಮೇಲೆ ಏನೇ ಉಳಿದರೂ ಏನೂ ಮಾಡದೆ ಹಿಂದಿರುಗಬೇಕು. ಮತ್ತೆ ಬೇಕೆಂದೇ ತಪ್ಪಾಗಿ, ಹೆಸರಾದ ಮೇಲೆ -o ಇಟ್ಟು ಕೊಟ್ಟಳು. ‘ಹೆಚ್ಚಿನ ಮಾತು ಇದೆ, ಒಲ್ಲೆ’ ಎಂದಿತು ಪರದೆ. ಅಂಗಳದಾಚೆ ಸದ್ದಿಲ್ಲ.

“ಸರಿಯಾಯ್ತಾ?” ಎಂದ ಭಾವ.

“ಆಯ್ತು ಭಾವ.”

“ತಳ ಇನ್ನೂ ಅರ್ಧ ಉಳಿದಿದೆ. ಇಳೀತೀನಿ,” ಎಂದು ಬಾಗಿಲವರೆಗೆ ಹೋದವನು ತಿರುಗಿದ. “ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲಮ್ಮ. ಆದ್ರೆ ಆ ಮೋಟಾರಿನ ಫ್ಯೂಸ್ ಕಿತ್ಕೊಂಡು ಬಾ. ಕೆಲಸ ಮುಗಿಯೋವರೆಗೂ ನನ್ನ ಜೇಬಲ್ಲಿರ್ಲಿ.”

ಅವಳು ಎದ್ದು ಅಂಗಳ ದಾಟಿದಳು.