ನಲವತ್ತು ದಿನದ ನಿಯಮ

ದೀಪಿಕಾ ಗಂಗಾವತಿಯ ಕಾಲೇಜೊಂದರಲ್ಲಿ ಕಾಮರ್ಸ್ ಪಾಠ ಹೇಳುತ್ತಿದ್ದಳು. ಅವಳ ತಾಯಿ ರೇಣುಕಮ್ಮನಿಗೆ ಹತ್ತಿರದ ಭಾಗ್ಯನಗರದಲ್ಲಿ ತಲೆಗೂದಲಿನ ಸಿಕ್ಕು ಬಿಡಿಸಿ ಹೊರದೇಶಕ್ಕೆ ಕಳಿಸುವ ಸಣ್ಣ ಕಾರ್ಖಾನೆಯಿತ್ತು. ಹಾಗಾಗಿ ಡಾಲರಿನ ಮಾತು ಆ ಮನೆಗೆ ಹೊಸದಲ್ಲ.

2021ರಲ್ಲಿ ದೀಪಿಕಾ ಸಂಬಳದ ಉಳಿತಾಯದಿಂದ ಫೋನಿನ ಆ್ಯಪ್ ಒಂದರಲ್ಲಿ ಡಾಲರ್ ವಹಿವಾಟು ಶುರುಮಾಡಿದಳು. ಅವಳ ನಿಯಮ ಇಷ್ಟೇ: ಹಿಂದಿನ ನಲವತ್ತು ದಿನಗಳ ಅತಿ ಹೆಚ್ಚಿನ ದರ ದಾಟಿದರೆ ಕೊಳ್ಳುವುದು, ಅತಿ ಕಡಿಮೆ ದರಕ್ಕಿಂತ ಇಳಿದರೆ ಮಾರುವುದು. ಏರಲು ಹೊರಟ ದರ ಇನ್ನಷ್ಟು ಏರುತ್ತದೆ ಎಂಬ ನಂಬಿಕೆ. ಹಳೆಯ ಇಪ್ಪತ್ತು ವರ್ಷಗಳ ದರಗಳಿಗೆ ಈ ನಿಯಮ ಹಚ್ಚಿ ನೋಡಿದಾಗ ಲಾಭವೇ ಕಂಡಿತ್ತು.

ಆದರೆ ಆ ವರ್ಷ ಅವಳು ಕೊಂಡಾಗಲೆಲ್ಲ ಡಾಲರ್ ಇಳಿಯಿತು, ಮಾರಿದ ಮೇಲೆ ಏರಿತು. ನಾಲ್ಕು ಸಲ ನಷ್ಟ. ಬಸ್ಸಿನಲ್ಲಿ, ಪಾಠದ ನಡುವೆ, ಕೈತೊಳೆಯಲು ಎದ್ದಾಗ ಕೂಡ ದರ ನೋಡತೊಡಗಿದಳು. ನಿದ್ದೆ ಕಡಿಮೆಯಾಯಿತು.

ಮರುವರ್ಷ ಮೇ ತಿಂಗಳಲ್ಲಿ ಡಾಲರ್ ಎಪ್ಪತ್ತೇಳು ರೂಪಾಯಿ ದಾಟಿತು. ನಿಯಮ ಕೊಳ್ಳು ಎಂದಿತು. ಬಸ್ ಸ್ಟ್ಯಾಂಡಿನಲ್ಲಿ ನಿಂತು ಬಟನ್ ಮೇಲೆ ಬೆರಳಿಟ್ಟವಳು, ಐದನೆಯ ಪೆಟ್ಟು ಬೇಡವೆಂದು ಫೋನು ಚೀಲಕ್ಕೆ ಹಾಕಿದಳು. ದೀಪಾವಳಿಗೆ ಡಾಲರ್ ಎಂಬತ್ತಮೂರರ ಹತ್ತಿರವಿತ್ತು.

ನಿನ್ನ ಲೆಕ್ಕ ಈಗಿನ ಕಾಲಕ್ಕೆ ನಡೆಯುವುದಿಲ್ಲವೇನು ಎಂದು ರೇಣುಕಮ್ಮ ಕೇಳಿದಳು.

"ಲೆಕ್ಕ ನಡೀತೈತವ್ವಾ," ಎಂದಳು ದೀಪಿಕಾ. "ಇದೊಂದ ಸಲ ಹಿಡಿದಿದ್ರ ನಾಕೂ ನಷ್ಟ ತುಂಬಿ ಮ್ಯಾಲೆ ಉಳೀತಿತ್ತು. ಅದರಂಗ ನಡೀಲಾರದಾಕಿ ನಾನು."

ರೇಣುಕಮ್ಮ ಕೈಯಲ್ಲಿದ್ದ ಕೂದಲಿನ ಸಿಕ್ಕು ಬಿಡಿಸಿ ಪಕ್ಕಕ್ಕಿಟ್ಟಳು. "ಹಂಗಾದ್ರ ಬಟನ್ ನಾ ಒತ್ತತೀನಿ. ನೀ ದರ ನೋಡಬ್ಯಾಡ."

ದೀಪಿಕಾ ನಿಯಮವನ್ನು ಹಾಳೆಯಲ್ಲಿ ಬರೆದುಕೊಟ್ಟಳು, ದಿನದ ದರ ಎಲ್ಲಿ ನೋಡಬೇಕೆಂದು ತೋರಿಸಿದಳು, ತಾಯಿಯ ಫೋನಿಗೆ ಆ್ಯಪ್ ಹಾಕಿಕೊಟ್ಟು ತನ್ನ ಫೋನಿನಿಂದ ಅದನ್ನು ತೆಗೆದುಹಾಕಿದಳು. ಮೊದಲ ವಾರ ಅವಳ ಬೆರಳು ಸುಮ್ಮನಿರಲಿಲ್ಲ. ಬಸ್ಸಿನಲ್ಲಿ ಮೂರು ಸಲ ಫೋನು ತೆಗೆದು, ನೋಡಲು ಏನೂ ಇಲ್ಲದೆ ಒಳಗಿಟ್ಟಳು.

ಕೆಲವು ತಿಂಗಳ ಮೇಲೆ ರೇಣುಕಮ್ಮ ಕೊಂಡಳು. ನಂತರ ಹಾಳೆ ಹೇಳಿದಂತೆ ಮಾರಿದಳು. ಈ ಸಲವೂ ನಷ್ಟವಾಯಿತೆಂದು ಊಟಕ್ಕೆ ಕೂತಾಗ ಹೇಳಿದಳು.

ದೀಪಿಕಾ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟಳು. "ಬಿಟ್ಟಬಿಡೂಣೇನವ್ವಾ?"

"ಬಿಡೂದು ಆ ಹಾಳ್ಯಾಗ ಬರದಿಲ್ಲಲ್ಲಾ," ಎಂದು ತಾಯಿ ಸಾರಿನ ಪಾತ್ರೆ ಮುಂದೆ ಸರಿಸಿದಳು.

ದೀಪಿಕಾ ಎದ್ದು ಮಾಳಿಗೆಯ ಮೇಲೆ ಎರಡು ಸುತ್ತು ನಡೆದಳು. ಇವತ್ತಿನ ದರ ಎಷ್ಟೆಂದು ಕೇಳುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೇಳದೆ ಕೆಳಗಿಳಿದು ಬಂದು ಉಳಿದ ಅನ್ನ ಉಂಡಳು.