ಬೇರೆಯವರು ತುಂಬಿದ ಬುಟ್ಟಿ

ಹತ್ತಿಯಿಂದ ಬೀಜ ಬಿಡಿಸುವ ಜಿನ್ನು ಯಂತ್ರದ ಬಾಯಿಗೆ ಇಮಾಂಬಿಯ ಬಲಗೈಯ ಎರಡು ಬೆರಳು ಹೋಗಿ ನಾಲ್ಕು ತಿಂಗಳಾಗಿತ್ತು. ಹೊಸ ಫ್ಯಾಕ್ಟರಿ ಕಾಯಿದೆ ಬಂದ ಮೇಲೆ, ಸಾವಿರದ ಒಂಬೈನೂರ ಐವತ್ತರಲ್ಲಿ, ಬಳ್ಳಾರಿಯ ಆ ಹತ್ತಿ ಗಿರಣಿಗೆ ಕಾರ್ಮಿಕರ ಯೋಗಕ್ಷೇಮ ನೋಡಲು ನನ್ನನ್ನು ನೇಮಿಸಿದ್ದರು. ಇಮಾಂಬಿಯನ್ನು ಮತ್ತೆ ಕೆಲಸಕ್ಕೆ ಕರೆಯಿರಿ, ಜಿನ್ನಿಗೆ ಬೇಡ, ಹತ್ತಿಯಲ್ಲಿನ ಎಲೆಚೂರು ಆರಿಸುವ ಸಾಲಿನಲ್ಲಿ ಕೂರಿಸಿ ಎಂದು ಮ್ಯಾನೇಜರ್ ಚಿದಾನಂದಪ್ಪನವರಿಗೆ ದುಂಬಾಲು ಬಿದ್ದಿದ್ದೆ. ಒಂದು ವಾರ ನೋಡುತ್ತೇನೆ, ಕೈ ಸಾಗದಿದ್ದರೆ ಮನೆಗೆ ಕಳಿಸುತ್ತೇನೆ ಎಂದಿದ್ದರು.

ಶನಿವಾರ ಕೊನೆಯ ದಿನ. ಬೆಳಗಿನಿಂದ ನಾಲ್ಕು ಸಲ ಹತ್ತಿ ಆರಿಸುವವರ ಚಪ್ಪರಕ್ಕೆ ಹೋಗಿಬಂದೆ. ಐದನೆಯ ಸಲ ಕಂಡಿತು: ಪಕ್ಕದಲ್ಲಿ ಕೂತ ಕೊಟ್ರಬಸಮ್ಮ ತಲೆಯೆತ್ತದೆ, ತಾನು ಹಸನು ಮಾಡಿದ ಹತ್ತಿಯನ್ನು ಇಮಾಂಬಿಯ ಬುಟ್ಟಿಗೆ ತಳ್ಳಿದಳು. ಆಚೆ ಬದಿಯಿಂದ ಮೂಕಮ್ಮನೂ.

"ಏನ್ ನೋಡಾಕತ್ತೀರಿ ಅಮ್ಮಾರ?" ಎಂದಳು ಕೊಟ್ರಬಸಮ್ಮ. "ಕಾಲೇಜಿನಾಗ ಹತ್ತಿ ತೋರಿಸಿಲ್ಲೇನು ನಿಮಗ?"

ಸಾಲೆಲ್ಲ ನಕ್ಕಿತು. ಇಮಾಂಬಿ ನಗಲಿಲ್ಲ.

ಮೂರು ಗಂಟೆಗೆ ಚಿದಾನಂದಪ್ಪ ಬಂದು ತುಂಬಿದ ಬುಟ್ಟಿ ನೋಡಿದರು.

"ಕೈ ಚುರುಕ ಆಗೇತಲ್ಲ. ಸಿರುಗುಪ್ಪ, ಕುರುಗೋಡಿನ ಹತ್ತಿ ಬಂಡಿ ಬಂದು ನಿಂತಾವ, ಜಿನ್ನಿಗೆ ಆಳಿಲ್ಲ. ಸೋಮವಾರದಿಂದ ನೀ ಅಲ್ಲೇ ಹೋಗು."

ಕೊಟ್ರಬಸಮ್ಮನ ಕೈ ನಿಂತಿತು. ಇಮಾಂಬಿ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಆ ಕೈಗೆ ಹಿಡಿತವಿಲ್ಲ. ಜಿನ್ನಿನ ಮುಂದೆ ಒಮ್ಮೆ ಜಾರಿದರೆ ಉಳಿದ ಬೆರಳೂ ಹೋಗುತ್ತವೆ. ನಿಜ ಹೇಳಿದರೆ ಕೆಲಸವೇ ಹೋಗಬಹುದು.

"ಆ ಬುಟ್ಟಿ ಅವಳೊಬ್ಬಳದಲ್ಲ," ಎಂದೆ.

"ನಮ್ಮ ಬಾಯಾಗ ಮಣ್ಣ ಹಾಕಿದ್ರಿ," ಎಂದು ಕೊಟ್ರಬಸಮ್ಮ ಗೊಣಗಿದಳು.

ಚಿದಾನಂದಪ್ಪ ಬುಟ್ಟಿ ಬರಿದು ಮಾಡಿಸಿದರು. "ನನ್ನ ಮುಂದ ಆರಿಸು."

ಇಮಾಂಬಿ ಎಡಗೈಯಿಂದ ಆರಿಸಿದಳು, ಮೊಂಡು ಬೆರಳುಗಳಿಂದ ಹತ್ತಿ ಒತ್ತಿ ಹಿಡಿದು. ಅವರು ನಿಂತೇ ಇದ್ದರು. ಅರ್ಧ ಗಂಟೆಯಲ್ಲಿ ಬುಟ್ಟಿಯ ತಳವೂ ಮುಚ್ಚಲಿಲ್ಲ. ಅವರು ಒಂದು ಹಿಡಿ ತೆಗೆದು ಬೆಳಕಿಗೆ ಬಿಡಿಸಿದರು. ಒಂದು ಎಲೆಚೂರೂ ಇರಲಿಲ್ಲ.

"ನಿಧಾನ ಐತಿ. ಆದ್ರ ಹಸನ ಐತಿ. ಇನ್ನೊಂದು ತಿಂಗಳ ನೋಡೂಣು. ಇವರ ನಡುವ ಬ್ಯಾಡ, ಬಾಗಿಲ ಕಡೆ ನೀ ಒಬ್ಬಾಕೀನೇ ಕೂಡು."

ಅವರು ಹೋದ ಮೇಲೆ ಇಮಾಂಬಿ ನನ್ನತ್ತ ನೋಡಿದಳು. "ಮೊದಲ ನನ್ನ ಕೇಳಬೇಕಿತ್ರಿ."

"ಕೇಳಿದ್ದರೆ ಏನು ಹೇಳುತ್ತಿದ್ದೆ?"

"ಗೊತ್ತಿಲ್ಲ. ಕೇಳಬೇಕಿತ್ತು."

ಸೋಮವಾರ ಸಾಲಿನಲ್ಲಿ ಯಾರೂ ನನ್ನನ್ನು ಮಾತಾಡಿಸಲಿಲ್ಲ. ಬಾಗಿಲ ಬಳಿ ಹೋಗಿ, ಬುಟ್ಟಿ ಯಾವ ಕಡೆಗಿಡಲಿ ಎಂದು ಇಮಾಂಬಿಯನ್ನು ಕೇಳಿದೆ.

ಅವಳು ಎಡಗೈಯಿಂದ ಪಕ್ಕದ ನೆಲ ಸವರಿದಳು.

"ಎಡಕ್ಕ," ಎಂದಳು.