ಗಾಳಿಯಲ್ಲಿ ನಿಂತ ಅಕ್ಕ

ನನ್ನ ಹಾಗೆ ಫೋಟೊ ತೆಗೆಯುವವನು ಈ ಭೂಮಂಡಲದಲ್ಲಿ ಇನ್ನೊಬ್ಬನಿಲ್ಲ. ಇದು ಜಂಬವಲ್ಲ, ಬರೀ ಮಾಹಿತಿ. ಮೂವತ್ತು ವರ್ಷದಿಂದ ಪಾಸ್‌ಪೋರ್ಟ್ ಫೋಟೊ ತೆಗೆಯುತ್ತಿದ್ದೇನೆ. ಸ್ಟೂಲಿನ ಮೇಲೆ ಕೂತವರಿಗೆ ನಾನು "ಅಲ್ಲಾಡಬೇಡಿ" ಅಂದರೆ ಗೋಡೆ ಗಡಿಯಾರವೂ ನಿಂತುಬಿಡುತ್ತದೆ. ಮುಖದ ಮೇಲೆ ಸಾಸಿವೆಯಷ್ಟು ನೆರಳು ಬಿದ್ದರೂ ಕಚೇರಿಯವರು ಫೋಟೊ ವಾಪಸ್ ಕಳಿಸುತ್ತಾರಲ್ಲ, ಅದಕ್ಕೇ ಕ್ಯಾಮೆರಾದ ಫ್ಲ್ಯಾಶ್ ಯಾವತ್ತೂ ಆರಬಾರದೆಂದು ಅದರ ಗುಂಡಿಗೆ ನಾನೇ ಅಂಟು ಸುರಿದು ಬಿಗಿದಿದ್ದೆ. ಅಂಥ ದೂರದೃಷ್ಟಿ ನನ್ನದು!

ನನ್ನ ಅಕ್ಕ ನೃತ್ಯದ ಟೀಚರ್. ಅವಳಿಗೆ ಐವತ್ತೆಂಟು, ಅವಳ ಬಾಯಿಗೆ ಹದಿನೆಂಟು. ಇನ್ನೆರಡು ದಿನಕ್ಕೆ ಅವಳ ಬಲಮಂಡಿಗೆ ಆಪರೇಷನ್. ಆಮೇಲೆ ನಡೆಯಬಹುದು, ಮೆಲ್ಲಗೆ ಕುಣಿಯಲೂಬಹುದು, ಹಾರುವಂತಿಲ್ಲ ಎಂದು ಡಾಕ್ಟರು ಹೇಳಿದ್ದರು. ನಲವತ್ತು ವರ್ಷ ಹಾರಿದವಳ ಹತ್ತಿರ ಹಾರಿದ್ದರ ಒಂದು ಫೋಟೊ ಕೂಡ ಇರಲಿಲ್ಲ.

"ಪೂರ್ವದ ಸಮುದ್ರದ ಹತ್ರ, ಸೂರ್ಯ ಹುಟ್ಟೋ ಹೊತ್ತಿಗೆ, ನಾನು ಬರೀ ಕಪ್ಪು ಆಕಾರವಾಗಿ ಕಾಣ್ಬೇಕು. ಮುಖ ಬೇಡ, ಸುಕ್ಕು ಬೇಡ, ಹಾರಿದ್ದಷ್ಟೇ ಸಾಕು," ಎಂದಳು. "ಈ ಮಂಡಿಯಲ್ಲಿ ಇನ್ನು ಮೂರು ಹಾರಾಟ ಉಳಿದಿದೆ, ನೆನಪಿಟ್ಕೋ."

"ನನಗೆ ಒಂದೇ ಸಾಕು. ಉಳಿದೆರಡು ಮನೆಗೆ ವಾಪಸ್ ತಗೊಂಡು ಹೋಗು."

ಮರುದಿನ ನಸುಕಿಗೆ ನಾವು ದಡ ಮುಟ್ಟಿದಾಗ ಆಕಾಶ ಕೆಂಪಾಗತೊಡಗಿತ್ತು. ನನ್ನನ್ನು ಕಂಡದ್ದೇ ತಡ, ಸೂರ್ಯ ತಲೆ ಎತ್ತಿದ. ಅಲೆಗಳು ಎದ್ದು ನಿಂತು ಜಾಗ ಬಿಟ್ಟವು. ಅಕ್ಕ ಮಂಡಿಯ ಪಟ್ಟಿ ಬಿಗಿದುಕೊಂಡು ಓಡಿ ಬಂದು ಹಾರಿದಳು. ಕ್ಲಿಕ್ಕಿಸಿದೆ. ಝಗ್! ಆ ಫ್ಲ್ಯಾಶಿಗೆ ಮೂರು ಮೈಲಿ ಆಚೆಯ ಮೀನುಗಳೂ ಕಣ್ಣುಜ್ಜಿಕೊಂಡಿರಬೇಕು.

ಅಕ್ಕ ಬಂದು ಕ್ಯಾಮೆರಾದ ಪರದೆಗೆ ಇಣುಕಿದಳು. ಮುಖ, ಸುಕ್ಕು, ಕಟ್ಟಿಸಿದ ಹಲ್ಲು, ಎಲ್ಲ ಸ್ಪಷ್ಟ.

"ಏನೋ ಇದು? ಗಾಬರಿಯಾದ ಕೋಳಿಗೆ ಪಾಸ್‌ಪೋರ್ಟ್ ಮಾಡಿಸ್ತಿದ್ದೀಯಾ?"

"ಸಮುದ್ರದ ತೇವಕ್ಕೆ ಹೀಗಾಗುತ್ತೆ," ಎಂದೆ ಗಂಭೀರವಾಗಿ. ಅಂಟಿನ ವಿಷಯ ಬಾಯಿ ಬಿಡಲಿಲ್ಲ. ಎರಡನೇ ಸಲ ಅವಳು ಹಾರಿದಾಗ ಫ್ಲ್ಯಾಶಿಗೆ ಬೆರಳು ಅಡ್ಡ ಹಿಡಿದೆ. ಫೋಟೊದಲ್ಲಿ ನನ್ನ ಬೆರಳು ಬಹಳ ಚೆನ್ನಾಗಿ ಬಂತು.

ಅಕ್ಕ ಮರಳಿನ ಮೇಲೆ ಕೂತು ಮಂಡಿ ಒತ್ತಿಕೊಂಡಳು. ಈ ಸಲ ಬೈಯಲಿಲ್ಲ. "ಇನ್ನೊಂದೇ ಇರೋದು ಕಣೋ," ಎಂದಳು, ಅಷ್ಟೇ.

ಜೀವಮಾನದಲ್ಲಿ ಮೊದಲ ಬಾರಿಗೆ ನಿಜ ಹೇಳಿದೆ. "ಅಕ್ಕ, ಗುಂಡಿಗೆ ನಾನೇ ಅಂಟು ಹಾಕಿದ್ದೀನಿ. ಈ ಫ್ಲ್ಯಾಶ್ ಆರಲ್ಲ."

ಅವಳು ನನ್ನನ್ನೇ ದಿಟ್ಟಿಸಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ಮಂಡಿಯ ಪಟ್ಟಿ ಬಿಚ್ಚಿ ಫ್ಲ್ಯಾಶಿಗೆ ನಾಲ್ಕು ಸುತ್ತು ಸುತ್ತಿ ಬಿಗಿದಳು. "ನೋವೆಲ್ಲ ಇನ್ಮೇಲೆ ಇದಕ್ಕಿರಲಿ. ಮಲಗು ಕೆಳಗೆ! ನನ್ನ ಕಾಲ ಕೆಳಗೆ ಸೂರ್ಯ ಕಾಣ್ಬೇಕು."

ಸೂರ್ಯ ನೀರು ಬಿಟ್ಟು ಮೇಲೇಳಲು ಒಂದು ಬೆರಳಿನಷ್ಟೇ ಬಾಕಿ. ಒದ್ದೆ ಮರಳಲ್ಲಿ ಬೋರಲು ಬಿದ್ದೆ. ಅಕ್ಕ ಓಡಿದಳು. ಅದೇ ಹೊತ್ತಿಗೆ ಮೂರು ಮಹಡಿ ಎತ್ತರದ ಅಲೆಯೊಂದು (ಅಕ್ಕನ ಪ್ರಕಾರ ಪಾದ ಮುಳುಗುವಷ್ಟು) ನನ್ನ ಅಂಗಿಯೊಳಗೆ ನುಗ್ಗಿತು. ಕ್ಯಾಮೆರಾ ಎತ್ತಿ ಹಿಡಿದೆ. ಅವಳು ನೆಲ ಬಿಟ್ಟಳು. ಮೂವತ್ತು ವರ್ಷದ ಅಭ್ಯಾಸ ನೋಡಿ, ಬಾಯಿ ತಾನಾಗಿ ಕೂಗಿತು:

"ಅಲ್ಲಾಡಬೇಡಿ!"

ಅಕ್ಕ ಅಲ್ಲಾಡಲಿಲ್ಲ. ಕೈ ಚಾಚಿ, ಕಾಲು ಚಾಚಿ, ಶಾಯಿಯಷ್ಟು ಕಪ್ಪಾಗಿ, ಕೆಂಪು ಸೂರ್ಯನ ಮೇಲೆ ಗಾಳಿಯಲ್ಲಿ ಹಾಗೇ ನಿಂತಳು. ನಾನು ಕ್ಲಿಕ್ಕಿಸಿ, ಕಿವಿಯ ಮರಳು ಕೊಡವಿ, ಎರಡು ಸಲ ಸೀನಿದ ಮೇಲೆಯೇ ಅವಳು ಇಳಿದದ್ದು.

ಮರುದಿನ ಆಸ್ಪತ್ರೆಯಲ್ಲಿ ಅವಳ ದಿಂಬಿನ ಪಕ್ಕ ಆ ಫೋಟೊ ಇತ್ತು. ಡಾಕ್ಟರು ಕೈಗೆತ್ತಿಕೊಂಡು ನೋಡಿದರು. "ಮುಖಾನೇ ಕಾಣಲ್ವಲ್ಲ, ಯಾರಮ್ಮಾ ಇದು?"

"ಮಂಡಿ ನೋಡಿ ಡಾಕ್ಟ್ರೇ, ಗುರುತು ಸಿಗುತ್ತೆ," ಎಂದಳು ಅಕ್ಕ.

ಫೋಟೊ ತೆಗೆದವರು ಯಾರೆಂದು ಆ ಮನುಷ್ಯ ಕೇಳಲೇ ಇಲ್ಲ. ಆಪರೇಷನ್ ಕೋಣೆಯ ಬಾಗಿಲವರೆಗೆ ಹಿಂದೆಯೇ ಹೋಗಿ ನಾನೇ ಮೂರು ಸಲ ಹೇಳಿ ಬಂದೆ.